ಓನರಮ್ಮ ಹೊತ್ತಿರದ ಹರಕೆ

ಮೊನ್ನೆ ಚಂದಾಪುರದಲ್ಲಿ ಬಸ್ಸಿಳಿದರೆ ಎದುರಿಗೇ ತಳ್ಳುಗಾಡಿ, ಗಾಡಿ ತುಂಬ ಅವರೆಕಾಯಿ. ಸೊಗಡಿನ ಕಾಯಿ. ಕೈಗೆ ಹತ್ತಿದರೆ ಸೋಪು ಹಾಕಿ ತೊಳೆದರೂ ಬಿಡದ ವಾಸನೆ ಅದು. ಒಂದು ಕಾಯಿ ಎತ್ತಿ ಮೂಸಿದೆ, ಅಷ್ಟೇ... ವರ್ತೂರಿನ ಆ ಮನೆ, ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂತ ಓನರಮ್ಮ ಕಣ್ಣಮುಂದೆ ಬಂದುಬಿಟ್ಟರು. ಕಾಯಿ ಅಲ್ಲೇ ಹಾಕಿ ಹೊರಟೆ. "ಯಾಕಕ್ಕ, ಸೊಗಡು ಸಾಲ್ದಾ?" ಎಂದು ಗಾಡಿಯವನು ಹಿಂದಿನಿಂದ ಕೂಗಿದ.

ಪಿಎಚ್‌ಡಿ ಮಾಡುವಾಗ ನಾನು ಅವರ ಮನೆಯ ಎರಡನೇ ಮಹಡಿಯ ರೂಮಿನಲ್ಲಿ ಬಾಡಿಗೆಗಿದ್ದೆ. ಕೆಳಗೆ ಓನರಮ್ಮ ಮತ್ತು ಅವರ ಯಜಮಾನರು, ನಡುವಿನ ಮಹಡಿಯಲ್ಲಿ ಮಗ, ಸೊಸೆ. ಒಂದು ಕಾಲಕ್ಕೆ ಅವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅಪಾರ್ಟ್‌ಮೆಂಟು ಎದ್ದಿತ್ತು. ಮಗ ಅದೇ ಅಪಾರ್ಟ್‌ಮೆಂಟಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಿದ್ದ. ಯಜಮಾನರಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತಿತ್ತು. ಎಷ್ಟೋ ಸಲ ಹೊಸ್ತಿಲ ಹತ್ತಿರ ಹೆಜ್ಜೆ ಕಿತ್ತಿಡಲಾಗದೆ ನಿಂತಲ್ಲೇ ನಿಂತುಬಿಡುತ್ತಿದ್ದರು. ಆಗ ಓನರಮ್ಮ ಮುಂದೆ ಹೋಗಿ ಕೈಚಾಚಿ, "ಬನ್ನಿ, ಒಲದ ಬದು ದಾಟ್ದಂಗೆ ದಾಟ್ಬುಡಿ" ಅನ್ನುತ್ತಿದ್ದರು. ಅವರು ದಾಟುತ್ತಿದ್ದರು! ಈ ಉಪಾಯವನ್ನು ಓನರಮ್ಮನಿಗೆ ಯಾವ ಡಾಕ್ಟರು ಹೇಳಿಕೊಟ್ಟಿದ್ದರೋ, ಇಲ್ಲ ತಾವೇ ಕಂಡುಕೊಂಡಿದ್ದರೋ, ನಾನು ಕೇಳಲಿಲ್ಲ.

ನಾನು ಓದುತ್ತಿದ್ದದ್ದು ಜೀವಕೋಶದ ಕಸದ ಬಗ್ಗೆ. ನಮ್ಮ ಕೋಶಗಳಲ್ಲಿ ದಿನವೂ ಪ್ರೋಟೀನುಗಳು ತಯಾರಾಗುತ್ತವೆ, ಕೆಲವು ಕೆಡುತ್ತವೆ. ಕೆಟ್ಟದ್ದನ್ನು ಕೋಶ ಹೇಗೆ ಗುರುತು ಹಿಡಿಯುತ್ತದೆ, ಹೇಗೆ ಒಡೆದು ವಿಲೇವಾರಿ ಮಾಡುತ್ತದೆ ಎನ್ನುವುದೇ ನನ್ನ ಸಂಶೋಧನೆ. ಪಾರ್ಕಿನ್ಸನ್ನಿನಲ್ಲಿ ಮಿದುಳಿನ ಕೋಶಗಳೊಳಗೆ ಇಂಥ ಕಸ ಸೇರಿಕೊಂಡು ಕೂರುತ್ತದೆ. ಊರಲ್ಲಿ ನನ್ನ ಓದು ಯಾರಿಗೂ ಬೇಕಿರಲಿಲ್ಲ, "ಮದ್ವೆ ಯಾವಾಗ?" ಅನ್ನುವುದೊಂದೇ ಪ್ರಶ್ನೆ. ಹಾಗಾಗಿ ಒಂದು ಭಾನುವಾರ ಓನರಮ್ಮ ಹಿತಕಿದ ಬೇಳೆಗೆಂದು ಅವರೆಕಾಳು ಹಿಸುಕುತ್ತಾ, "ಅದೇನವ್ವಾ ಓದ್ತಿಯಾ ಇಷ್ಟ್ ವರ್ಸದಿಂದ?" ಎಂದು ಕೇಳಿದಾಗ ನಾನು ಉಬ್ಬಿಹೋದೆ.

"ನೀವು ಹುಳುಕು ಕಾಳು ಆರಿಸಿ ಎಸೀತೀರಲ್ಲಮ್ಮ, ಮೈಯೊಳಗೂ ಹಂಗೇ. ಯಜಮಾನರ ತಲೇಲಿ ಆ ಆರಿಸೋ ಕೆಲಸ ನಿಧಾನ ಆಗ್ಬಿಟ್ಟಿದೆ" ಎಂದೆ.

ಅವರ ಕೈ ನಿಂತಿತು. "ಅದನ್ ಚುರುಕ್ ಮಾಡಕ್ಕಾಯ್ತದಾ?"

ಗೊತ್ತಿಲ್ಲಮ್ಮ ಅನ್ನಬಹುದಿತ್ತು. ಅದು ಸತ್ಯವೂ ಆಗಿತ್ತು. ಆದರೆ ನನ್ನ ನಾಲಿಗೆಗೆ ಎಲುಬಿಲ್ಲ ನೋಡಿ... "ಹಸಿವಾದ್ರೆ ಕೋಶ ತನ್ನ ಕಸ ತಾನೇ ತಿನ್ನುತ್ತಮ್ಮ. ನಾನೇ ಕಣ್ಣಾರೆ ನೋಡಿದ್ದೀನಿ. ಒಪ್ಪತ್ತು, ಉಪವಾಸ ಅಂತ ಹಿರಿಯರು ಸುಮ್ನೆ ಮಾಡಿದ್ರಾ?" ಎಂದುಬಿಟ್ಟೆ.

ನೋಡಿದ್ದು ನಿಜ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಎರಡು ಗಂಟೆ ಆಹಾರ ಕೊಡದೆ, ಮೈಕ್ರೋಸ್ಕೋಪಿನಲ್ಲಿ ನೋಡಿದ್ದೆ. ತಟ್ಟೆಯಲ್ಲಿನ ಕೋಶಕ್ಕೆ ಎಪ್ಪತ್ತು ವರ್ಷ ಆಗಿರುವುದಿಲ್ಲ, ಅದು ಬಚ್ಚಲಿಗೆ ನಡೆದುಹೋಗಬೇಕಾಗಿಯೂ ಇಲ್ಲ. ಲ್ಯಾಬಿನಲ್ಲಿ ಒಂದೇ ಪ್ರಯೋಗವನ್ನು ಮೂರು ಸಲ ಮಾಡದೆ ನಮ್ಮ ಗೈಡ್ ಎದುರು ನಾನು ಬಾಯಿ ಬಿಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಮಾತ್ರ ದೊಡ್ಡ ಪಂಡಿತೆ!

ಒಂದೆರಡು ವಾರ ಕಳೆದಿರಬೇಕು. ಬೆಳಿಗ್ಗೆ ಸ್ಕೂಟರ್ ತೆಗೆಯುತ್ತಿದ್ದೆ. ಓನರಮ್ಮ ಗೇಟಿನ ಹತ್ತಿರ ಬಂದು, "ಸೋಮಾರ ಸನಿವಾರ ಇವ್ರಿಗೆ ಒಪ್ಪತ್ತು ಇಡುಸ್ತಾ ಇವ್ನಿ ಕಣವ್ವ. ರಾತ್ರಿಗೊಂದೇ ಮುದ್ದೆ. ಸರೀನಾ?" ಎಂದರು. ಹೆಲ್ಮೆಟ್ ಹಾಕಿಯಾಗಿತ್ತು, ತಡವಾಗಿತ್ತು. "ಒಳ್ಳೇದಮ್ಮ, ಒಳ್ಳೇದು" ಎಂದು ಹೊರಟೇಹೋದೆ. ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ನಾಚಿಕೆ ತರುವುದು ಆ ಎರಡು ಒಳ್ಳೇದು. ಮಾತ್ರೆ ಹೇಗೆ ಕೊಡ್ತಿದ್ದೀರಿ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಯಜಮಾನರು ಬಿದ್ದದ್ದು ಒಂದು ಶನಿವಾರ ಮಧ್ಯಾಹ್ನ, ಬಚ್ಚಲ ಬಾಗಿಲಲ್ಲಿ. ಸದ್ದು ಕೇಳಿ ನಾನೇ ಕೆಳಗೆ ಓಡಿದೆ. ಮಗ ಟ್ಯಾಂಕರಿನ ಜೊತೆ ಹೋಗಿದ್ದ, ಸೊಸೆಯೂ ಮನೆಯಲ್ಲಿರಲಿಲ್ಲ. ಆಟೋದಲ್ಲಿ ನಾನು, ಓನರಮ್ಮ ಸೇರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸೊಂಟದ ಮೂಳೆ ಮುರಿದಿತ್ತು. ಅಷ್ಟರಲ್ಲಿ ಮಗನೂ ಬಂದ.

ಇವತ್ತಿನ ಮಾತ್ರೆ ಕೊಟ್ರಾ ಎಂದು ಡಾಕ್ಟರು ಕೇಳಿದರು.

"ಇಲ್ಲ ಸಾರ್. ಊಟ ಆದ್ಮ್ಯಾಲೆ ಅಂತ ಬರ್ದವ್ರಲ್ಲ ಚೀಟೀಲಿ. ಒಪ್ಪತ್ತಿನ್ ದಿನ ಊಟಾನೇ ಇರಾಕಿಲ್ಲ..." ಎಂದರು ಓನರಮ್ಮ.

ವಾರಕ್ಕೆ ಎರಡು ದಿನ, ಬೆಳಗಿನದೂ ಇಲ್ಲ, ಮಧ್ಯಾಹ್ನದ್ದೂ ಇಲ್ಲ. ಮಾತ್ರೆ ತಪ್ಪಿದರೆ ಆ ಕಾಯಿಲೆಯವರ ಕಾಲು ಕಲ್ಲಾಗುತ್ತದೆ. ಡಾಕ್ಟರು ಕೆಂಡವಾದರು. "ಯಾರಮ್ಮ ನಿಮಗೆ ಉಪವಾಸ ಇಡ್ಸಿ ಅಂದಿದ್ದು?" ಮಗ ಅದಕ್ಕಿಂತ ಜೋರಾಗಿ, "ಯಾವನ್ ಹೇಳ್ದ ಬೊಗಳವ್ವ!" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ದುಪಟ್ಟಾ ಸರಿಮಾಡಿಕೊಂಡೆ.

ಓನರಮ್ಮ ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ ನೆಲ ನೋಡುತ್ತಾ, "ಯಾರೂ ಏಳಿಲ್ಲ ಕಣಪ್ಪ. ಸನಿಮಾತ್ಮಂಗೆ ನಾನೇ ಅರಕೆ ಹೊತ್ಕಂಡಿದ್ದೆ" ಎಂದರು.

ಹರಕೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಡಾಕ್ಟರು ನನ್ನತ್ತ ತಿರುಗಿ, ಓದಿದವಳೆಂದು ನೋಡಿದರೇ ತಿಳಿಯುತ್ತಿತ್ತೇನೋ, "ನೋಡಿ ಮೇಡಂ, ಈ ಕಾಲದಲ್ಲೂ ಎಂಥಾ ಮೂಢನಂಬಿಕೆ" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಬೇರೆ ಯಾರೂ ನನ್ನ ತಲೆ ಹಿಡಿದು ಆಡಿಸಲಿಲ್ಲ.

ಯಜಮಾನರು ಮತ್ತೆ ಏಳಲಿಲ್ಲ. ಮಲಗಿದಲ್ಲೇ ಎದೆಗೆ ಕಫ ಕಟ್ಟಿ, ಮುಂದಿನ ಯುಗಾದಿಯೊಳಗೆ ಹೋಗಿಬಿಟ್ಟರು. ಆ ತಿಂಗಳುಗಳಲ್ಲಿ "ಅರಕೆಯಂತೆ ಅರಕೆ!" ಎಂದು ಮಗ ಕೂಗುವುದು ನನ್ನ ರೂಮಿಗೂ ಕೇಳುತ್ತಿತ್ತು. ಓನರಮ್ಮನ ದನಿ ಒಂದು ದಿನವೂ ಕೇಳಲಿಲ್ಲ. ನಾನು ಎದುರಿಗೆ ಸಿಕ್ಕಾಗ ತಿಂಡಿ ಆಯ್ತಾ ಎಂದು ಮಾಮೂಲಿನಂತೆ ಕೇಳುತ್ತಿದ್ದರು. ಒಮ್ಮೆ ಮಾತ್ರ, ನಾನು ಏನೋ ಹೇಳಹೊರಟಾಗ, ನನ್ನ ಕೈ ಹಿಡಿದು ಸುಮ್ಮನಾಗಿಸಿದರು. "ನೀನ್ ಒಳ್ಳೇದ್ಕೆ ಏಳ್ದೆ ಕಣವ್ವ. ಓದೋ ಎಣ್ಮಗಿಗೆ ಕೆಟ್ಟೆಸ್ರು ಬರ್ಬಾರ್ದು. ಬುಡು." ನನಗೆ ಬೇಕಾದದ್ದೂ ಅದೇ ಆಗಿತ್ತು, ಬಿಟ್ಟೆ. ತಿಥಿ ಮುಗಿದ ಮೇಲೆ, ಲ್ಯಾಬು ದೂರವಾಗುತ್ತದೆ ಎಂದು ಸುಳ್ಳು ಹೇಳಿ ರೂಮು ಖಾಲಿ ಮಾಡಿದೆ. ನನ್ನ ಥೀಸಿಸ್ಸಿನಲ್ಲಿ ಮೈಕ್ರೋಸ್ಕೋಪು ರಿಪೇರಿ ಮಾಡಿದವರಿಗೂ ಧನ್ಯವಾದ ಇದೆ. ಓನರಮ್ಮನ ಹೆಸರಿಲ್ಲ.

ಅವರೆಕಾಯಿ ಮೂಸಿದ ಆ ವಾರವೇ, ಎಷ್ಟೋ ವರ್ಷಗಳ ಮೇಲೆ, ವರ್ತೂರಿಗೆ ಹೋದೆ. ಅವರ ಎದುರು ಮಗನಿಗೆ ಎಲ್ಲಾ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನಡುಮನೆಯಲ್ಲಿ ಯಜಮಾನರ ಫೋಟೋದ ಪಕ್ಕ ಓನರಮ್ಮನ ಫೋಟೋಗೂ ಹಾರ ಬಿದ್ದಿತ್ತು. ಹೋದ ವರ್ಷವಂತೆ. ನನಗೆ ಯಾರು ತಿಳಿಸಬೇಕು? ನಾನೇ ನಂಬರ್ ಬದಲಾಯಿಸಿದ್ದೆ.

ಮಗನ ಗಡ್ಡ ಬೆಳ್ಳಗಾಗಿತ್ತು. ಅವನೆದುರು ಕೂತು, ಒಂದನ್ನೂ ಬಿಡದೆ ಹೇಳಿದೆ. ಹರಕೆ ಸುಳ್ಳು, ಹೇಳಿದವಳು ನಾನು, ನಿಮ್ಮಮ್ಮ ನನ್ನನ್ನು ಉಳಿಸಿದರು ಎಂದೆ. ಬೈದರೆ ಬೈಯಲಿ, ಹೊಡೆದರೂ ಸರಿಯೇ, ನನ್ನ ಎದೆಯ ಭಾರ ಇಳಿದರೆ ಸಾಕು ಅನ್ನಿಸಿತ್ತು.

ಅವನು ಬೈಯಲಿಲ್ಲ. ತನ್ನ ಅಂಗೈ ನೋಡಿಕೊಂಡ.

"ಅಪ್ಪ ಹೋದ್ಮೇಲೆ ನಮ್ಮವ್ವನ ಕೈಲಿ ಒಂದ್ ಲೋಟ ನೀರೂ ಇಸ್ಕೊಂಡ್ ಕುಡೀಲಿಲ್ಲ ಮೇಡಂ ನಾನು. ಅವ್ಳು ಸಾಯೋ ತಂಕ" ಎಂದ. "ಈಗ್ ಬಂದ್ ಹೇಳ್ತಿದ್ದೀರಲ್ಲ, ನಾನ್ ಯಾರತ್ರ ಹೋಗಿ ತಪ್ಪಾಯ್ತು ಅನ್ಲಿ?"