ವರ್ಷತೊಡಕಿನ ದಿನ ಅಕ್ಕನ ಅಳು

ನಾನು ಚಿಕ್ಕವನಿದ್ದಾಗ ವರ್ತೂರಿನ ನಮ್ಮ ಮನೆಗೆ ಹಬ್ಬದ ಹೊಸ ಬಟ್ಟೆ ಅಂಗಡಿಯಿಂದ ಬರುತ್ತಿರಲಿಲ್ಲ. ಆ ಯುಗಾದಿಗೆ ಹಸಿರು ಹೂವಿನ ಬಟ್ಟೆಯಲ್ಲಿ ಅಕ್ಕನೇ ನನಗೊಂದು ಅಂಗಿ ಹೊಲಿದಿದ್ದಳು.

ಯುಗಾದಿಯ ಮರುದಿನ ವರ್ಷತೊಡಕು. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹಾಗಾಗಿ ಯಾರೂ ಬೈಯುವಂತಿಲ್ಲ, ಅಳುವಂತಿಲ್ಲ. ಮಧ್ಯಾಹ್ನ ಒಲೆಯ ಮೇಲೆ ಕುರಿ ಬಾಡಿನ ಸಾರು ಕುದಿಯುತ್ತಿತ್ತು. ಚಕ್ಕೆ ಲವಂಗದ ಘಮ ಬೀದಿಯವರೆಗೂ ಹರಡಿತ್ತು. ಪಕ್ಕದ ಮನೆಯ ಹುಡುಗ ಪೇಟೆಯಿಂದ ತಂದ ಅಂಗಿ ತೊಟ್ಟು ಬಂದು ನನ್ನ ಮುಂದೆ ನಿಂತ. ನನಗೆ ಹೊಟ್ಟೆ ಉರಿಯಿತು. ಸೀದಾ ಅಡುಗೆಮನೆಗೆ ಹೋಗಿ ಅಕ್ಕನಿಗೆ, “ಇದೂ ಒಂದು ಅಂಗಿನಾ? ದಿಂಬಿನ ಗವಸು” ಎಂದುಬಿಟ್ಟೆ.

ಅಕ್ಕ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಹೊಗೆ ಎಂದಳು. ಅಜ್ಜಿ ನಂಬಲಿಲ್ಲ.

“ಅಯ್ಯೋ ಮುಂಡೇದೇ, ಇವತ್ತೇ ಅಳಿಸ್ಬುಟ್ಯಲ್ಲೋ. ಇನ್ನು ವರ್ಸೆಲ್ಲ ಅಳ್ತಾಳೆ. ಒತ್ತು ಮುಳುಗೋದ್ರೊಳಗೆ ಅವ್ಳನ್ನ ನಗ್ಸು. ಇಲ್ದಿದ್ರೆ ನಿಂಗೆ ಬಾಡಿಲ್ಲ.”

ಬಾಡು ಹೋದರೆ ಹೋಗಲಿ, ಅಕ್ಕ ವರ್ಷವೆಲ್ಲ ಅತ್ತರೆ? ಕೋತಿಯಂತೆ ಕುಣಿದೆ. ಅಪ್ಪನ ಪಂಚೆ ಸುತ್ತಿಕೊಂಡು ಮೀಸೆ ತಿರುವಿದೆ. ಅಕ್ಕ ಸೌಟಾಡಿಸುತ್ತಲೇ ಇದ್ದಳು. ಬಿಸಿಲು ಇಳಿಯಿತು. ಸೋತು ಹೋಗಿ ಕೊಟ್ಟಿಗೆಯ ಮುಂದೆ ಕೂತೆ.

ಹಿಂದಿನಿಂದ ಹಸು ನನ್ನ ಅಂಗಿಯ ಅಂಚನ್ನು ಬಾಯಿಗೆ ಹಾಕಿಕೊಂಡು ಮೆಲ್ಲತೊಡಗಿತು. ಎಳೆದರೂ ಬಿಡಲಿಲ್ಲ. “ಬಿಡೇ, ನಮ್ಮಕ್ಕ ಹೊಲ್ದಿದ್ದು ಕಣೇ ಇದು” ಎಂದು ಗೋಳೋ ಎಂದು ಅತ್ತೆ.

ಅಕ್ಕ ಬಾಗಿಲಿಗೆ ಬಂದಳು. “ದಿಂಬಿನ ಗವಸು ತಾನೆ, ತಿನ್ಲಿ ಬಿಡೋ” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಇವ್ಳು ನಕ್ಳು ಅಂದ್ರೆ ಈಗ ಇವ್ನು ಅಳ್ತಾವ್ನಲ್ಲಪ್ಪ” ಎಂದು ಅಜ್ಜಿ ಹಣೆ ಚಚ್ಚಿಕೊಂಡರು. ಅಪ್ಪನೂ ನಕ್ಕರು.

ಊಟಕ್ಕೆ ಅಕ್ಕನ ಪಕ್ಕ ಕೂತಾಗ ಅವಳ ಹೊಸ ಲಂಗ ಕಂಡೆ. ಅದೇ ಹಸಿರು ಹೂವು. ಪಾದ ಮುಟ್ಟಬೇಕಾದ ಲಂಗ ಮೊಣಕಾಲಿನ ಕೆಳಗೇ ನಿಂತಿತ್ತು. ಮಿಕ್ಕ ಬಟ್ಟೆ ನನ್ನ ಮೈಮೇಲಿತ್ತು. ಏನಾದರೂ ಹೇಳಬೇಕಿತ್ತು. ನಾಚಿಕೆಯಾಗಿ, ಇನ್ನೊಂದು ತುಂಡು ಬಾಡು ಹಾಕು ಎಂದೆ. ಅವಳು ತನ್ನ ತಟ್ಟೆಯದನ್ನೇ ಹಾಕಿದಳು.

ಮಕ್ಕಳೇ, ನಿಮ್ಮ ಬಟ್ಟೆ ಫೋನು ಒತ್ತಿದರೆ ಬಾಗಿಲಿಗೆ ಬರುತ್ತದೆ, ಹಿಡಿಸದಿದ್ದರೆ ವಾಪಸ್ಸೂ ಹೋಗುತ್ತದೆ. ನಾನು ಆಡಿದ ಮಾತು ವಾಪಸ್ಸು ಬಂದಿಲ್ಲ. ಈ ಯುಗಾದಿಗೆ ಮಾಲ್ ಸುತ್ತುವುದು ಬಿಟ್ಟು ನನ್ನ ಜೊತೆ ಹೂಡಿಯಲ್ಲಿರುವ ಅಕ್ಕನ ಮನೆಗೆ ಬನ್ನಿ. ಅಂಗಿ ಚೆನ್ನಾಗಿತ್ತಕ್ಕ ಎಂದು ನಾನು ಹೇಳಬೇಕು. ಅವಳಿಗೆ ವಯಸ್ಸಾಗಿದೆ, “ಯಾವ ಅಂಗಿನೋ?” ಎನ್ನಬಹುದು. ಎನ್ನಲಿ, ಮೊದಲಿನಿಂದ ಹೇಳುತ್ತೇನೆ.