ಅಕ್ಕ ಮುಟ್ಟಿದ್ದಕ್ಕಲ್ಲ

ನನ್ನ ಹೆಂಡತಿ ನನ್ನ ಅಕ್ಕನ ಮಗಳೇ. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿ ಅವಳು ಹೊಸೂರಿನ ಆಸ್ಪತ್ರೆಯಲ್ಲಿದ್ದಾಗ ಅಕ್ಕ ರಾಯಕೋಟೆಯಿಂದ ಬಸ್ಸು ಹತ್ತಿ ಬಂದಳು. ಬೆಳಿಗ್ಗೆ ಟೊಮೇಟೊ ಬಿಡಿಸಿದ್ದಳು. ಸೋಪು ಹಾಕಿ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಗಿಡದ ಹಸಿರುಗಪ್ಪು ಉಳಿದಿತ್ತು.

ಮಗಳ ಕಡೆ ಕೈ ಚಾಚಿದವಳನ್ನು ನಾನೇ ತಡೆದೆ. "ಮುಟ್ಬೇಡ ಅಕ್ಕಾ, ಇನ್‌ಫೆಕ್ಷನ್ ಆಯ್ತದಂತೆ. ನರ್ಸಮ್ಮ ಹೇಳವ್ರೆ."

"ನಿನ್ನ ಮೂಗು ಒರೆಸಿ ಬೆಳೆಸಿದ ಕೈ ಕಣ್ಲಾ ಇದು. ಆಗ ನಿಂಗೇನಾಯ್ತು?"

"ನಗಿಸ್ಬೇಡವ್ವಾ, ಹೊಲಿಗೆ ಎಳೀತದೆ" ಅಂದಳು ಇವಳು. ಅಕ್ಕ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು.

ಮಂಚದ ತುದಿಯಲ್ಲಿ ಕೈ ಶುದ್ಧಮಾಡುವ ಔಷಧಿಯ ಬಾಟಲಿ ಸಿಕ್ಕಿಸಿದ್ದರು. ಡಾಕ್ಟರು ಬಂದಾಗಲೆಲ್ಲ ಅದನ್ನು ಒತ್ತಿ, ಎರಡೂ ಕೈ ಉಜ್ಜಿಕೊಂಡು, ಆಮೇಲೆ ಗಾಯ ನೋಡುತ್ತಿದ್ದರು. ಅದನ್ನು ನೋಡುವುದೇ ನನಗೊಂದು ಧೈರ್ಯ.

ಗಾಯ ಕೀವಾಯಿತು. ಜ್ವರ ಇಳಿಯಲಿಲ್ಲ. ಡಾಕ್ಟರು ಅಕ್ಕನ ಎದುರಿಗೇ, "ಹೊರಗಿನವರು ಯಾರೋ ಮುಟ್ಟಿರಬೇಕು. ಎಷ್ಟು ಹೇಳಿದರೂ ನೀವು ಕೇಳಲ್ಲ" ಅಂದರು. ಇವಳನ್ನು ಐಸಿಯುಗೆ ಸಾಗಿಸಿದರು. ಅಲ್ಲಿಂದ ಅವಳು ಜೀವಂತವಾಗಿ ಬರಲಿಲ್ಲ.

ಅವಳ ಬಟ್ಟೆ, ಫ್ಲಾಸ್ಕು ತರಲು ವಾರ್ಡಿಗೆ ಹೋದೆ. ಆ ಮಂಚಕ್ಕೆ ಆಗಲೇ ಬೇರೊಬ್ಬ ಹೆಂಗಸು ಬಂದಿದ್ದರು. ಅವರಿಗೆ ನನ್ನಿಂದ ಏನೂ ಅಂಟದಿರಲಿ ಎಂದು ಬಾಟಲಿ ಒತ್ತಿದೆ. ಬುಸ್ಸೆಂದು ಗಾಳಿ ಬಂತು. ಪಕ್ಕದ ಮಂಚದ್ದೂ ಅಷ್ಟೇ.

"ಅದು ಮುಗ್ದು ತುಂಬಾ ದಿನ ಆಯ್ತಣ್ಣಾ. ಸ್ಟಾಕ್ ಬರ್ಲಿಲ್ಲ" ಅಂದಳು ನರ್ಸು.

"ಮತ್ತೆ ಡಾಕ್ಟ್ರು ಉಜ್ಕೊಂತಿದ್ರಲ್ಲಮ್ಮಾ?"

ಅವಳು ಫ್ಲಾಸ್ಕನ್ನು ನನ್ನ ಕೈಗಿಟ್ಟಳು. ಬರಿಗೈ ಉಜ್ಜಿಕೊಂಡವರನ್ನು ನಂಬಿ ನಾನು ತಾಯಿಯನ್ನು ಮಗಳಿಂದ ದೂರ ಕೂರಿಸಿದ್ದೆ.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ.

"ನೀನು ಮಾತ್ರೆ ತರಕ್ಕೋದಾಗ ಅವಳ ಮೊಕ ಒರೆಸ್ಬುಟ್ಟೆ ಕಣ್ಲಾ. ಬೆವತಿದ್ಲು. ಅದ್ಕೇ ಹಿಂಗಾಯ್ತು."

"ಮೊಕ ಒರೆಸಿದ್ರೆ ಹೊಟ್ಟೆ ಗಾಯ ಕೀವಾಯ್ತದಾ ಅಕ್ಕಾ?"

"ಅಷ್ಟು ಓದಿರೋ ಡಾಕ್ಟ್ರು ಸುಮ್ಕೆ ಹೇಳ್ತಾರೇನ್ಲಾ?"

ಅಕ್ಕ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಆಮೇಲೂ ಎಷ್ಟೋ ಸಲ ಹೇಳಿದ್ದೇನೆ. ತಲೆಯಾಡಿಸುತ್ತಾಳೆ, ನಂಬುವುದಿಲ್ಲ. ನಮ್ಮ ಮಗಳು ಸ್ಕೂಲಿಗೆ ಹೊರಡುವಾಗ ಜಡೆಗೆಂದು ಅಜ್ಜಿಯ ಮುಂದೆ ಬೆನ್ನು ಮಾಡಿ ಕೂತರೆ, "ನಿಮ್ಮಪ್ಪನ ತಾವ ಹೋಗು" ಅನ್ನುತ್ತಾಳೆ. ನನಗೆ ಜಡೆ ಹಾಕಲು ಇನ್ನೂ ಸರಿಯಾಗಿ ಬರುವುದಿಲ್ಲ.