ಎರಕದಕ್ಕ ಮತ್ತು ಅಂಗೈಯಗಲದ ಗಾಲಿ

ಎರಕದಕ್ಕನಿಗೆ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ನಲವತ್ತು ವರ್ಷ ಕುಲುಮೆಗೆ ಅದೇ ಕಡೆಯಿಂದ ಬಾಗಿ ನೋಡಿ ನೋಡಿ ಅದು ಸುಟ್ಟುಹೋಗಿ, ಮತ್ತೆ ಹುಟ್ಟುವುದನ್ನೇ ಬಿಟ್ಟಿತ್ತು. ಸುರಪುರದ ಓಣಿಯೊಂದರಲ್ಲಿ ಅವರು ಎತ್ತಿನ ಕೊರಳ ಗಂಟೆ, ದೇವರ ದೀಪ ಎರಕ ಹೊಯ್ಯುತ್ತಿದ್ದರು. ಯಾವಾಗ ಕೊಡ್ತೀರಿ ಎಂದು ಯಾರೇ ಕೇಳಲಿ, ಅಚ್ಚಿನ ಮಣ್ಣು ಒಣಗಲಿ ಎಂಬುದೊಂದೇ ಉತ್ತರ.

ನಾನು ಯಾದಗಿರಿಯಲ್ಲಿ ನಕ್ಷೆ ಬರೆಯುವ ಕೆಲಸದವನು. ಅಪ್ಪ ಶಹಾಪುರದ ರಸ್ತೆಗಳಲ್ಲಿ ಉಗಿಯ ರೋಡ್‌ರೋಲರ್ ಓಡಿಸಿದವರು. ಆ ಗಾಡಿ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಅಪ್ಪನ ಕಣ್ಣು ಮಂಜಾಗತೊಡಗಿದಾಗ, ಪೂರ್ತಿ ಹೋಗುವ ಮೊದಲು ಅದನ್ನು ಅವರಿಗೆ ಮತ್ತೆ ತೋರಿಸಬೇಕೆಂಬ ಹಠ ನನಗೆ ಹುಟ್ಟಿತು. ಅಡಿಗೆ ಒಂದು ಇಂಚಿನ ಅಳತೆಯಲ್ಲಿ, ನಿಜವಾಗಿ ಉಗಿಯಿಂದಲೇ ಓಡುವ ಪುಟ್ಟ ರೋಲರ್. ಬಾಯ್ಲರು, ಕೊಳವೆ ನಾನೇ ಮಾಡಿಕೊಂಡೆ. ಎಂಜಿನ್ನಿನ ಪಕ್ಕದಲ್ಲಿ ತಿರುಗುವ ಗಾಲಿ, ಅಂದರೆ ಫ್ಲೈವೀಲು ಮಾತ್ರ ಎಲ್ಲೂ ಸಿಗಲಿಲ್ಲ. ಅಂಗೈಯಗಲದ ಗಾಲಿ, ಅದಕ್ಕೆ ಬಾಗಿದ ಆರು ಕಡ್ಡಿ, ಒಂದೊಂದೂ ಬೆಂಕಿಕಡ್ಡಿಗಿಂತ ತುಸುವೇ ದಪ್ಪ. ಕೊನೆಗೆ ಅದರ ನಕ್ಷೆ ಹಿಡಿದು ಸುರಪುರಕ್ಕೆ, ಎರಕದಕ್ಕನ ಹತ್ತಿರ ಹೋದೆ.

ಅಕ್ಕ ಜೇನುಮೇಣದಲ್ಲಿ ಗಾಲಿ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಹಿತ್ತಾಳೆ ಹೊಯ್ದರು. ಅಚ್ಚು ಒಡೆದು ನೋಡಿದರೆ ಎರಡು ಕಡ್ಡಿ ಅರ್ಧಕ್ಕೇ ನಿಂತಿದ್ದವು. ಎರಡನೆಯ ಗಾಲಿಯೂ ಹಾಗೇ. ಮೂರನೆಯದೂ. ನಾನೇ ಸೋತು, ಕಡ್ಡಿ ದಪ್ಪ ಮಾಡಿಬಿಡೋಣ ಅಂದೆ.

“ದಪ್ಪ ಮಾಡಿದ್ರ ಗಾಲಿ ಆಗ್ತದ ತಮ್ಮಾ, ನಿಮ್ಮಪ್ಪನ ಗಾಲಿ ಆಗಲ್ಲ,” ಎಂದರು ಅಕ್ಕ.

ಒಂದು ವಾರ ಗಂಟೆಗಳ ಕೆಲಸ ಬದಿಗಿಟ್ಟು ಆ ಹಾಳಾದ ಗಾಲಿಗಳನ್ನೇ ತಿರುವಿ ತಿರುವಿ ನೋಡಿದರಂತೆ. ಅಂಚಿನಿಂದ ಹೊಯ್ದ ಹಿತ್ತಾಳೆ ಕಡ್ಡಿ ತುಂಬುವ ಮೊದಲೇ ತಣಿಯುತ್ತಿದೆ ಎಂಬುದು ಅವರಿಗೆ ಹೊಳೆಯಿತು. ನಾಲ್ಕನೆಯ ಸಲ ಹೊಯ್ಯುವ ಬಾಯನ್ನು ಗಾಲಿಯ ನಡುವಿಗೆ ಇಟ್ಟರು, ಅಂಚಿನಲ್ಲಿ ಗಾಳಿ ಹೋಗಲು ಸಣ್ಣ ತೂತು ಬಿಟ್ಟರು, ಮಣ್ಣಿನ ಅಚ್ಚನ್ನೇ ಕೆಂಪಗಾಗುವ ತನಕ ಕಾಯಿಸಿದರು. ಮಣ್ಣು ಕಳಚಿದಾಗ ಆರೂ ಕಡ್ಡಿ ಪೂರ್ತಿ ಮೂಡಿದ್ದವು. ಅಕ್ಕ ಗಾಲಿಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು.

ಗಾಡಿಗೆ ಉಗಿ ಏರಿಸಿದ್ದು ಅವರದೇ ಅಂಗಳದಲ್ಲಿ. ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅಷ್ಟು ಹೊತ್ತಿಗೆ ಅವರಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಬೆರಳಾಡಿಸಿ ಕಡ್ಡಿಗಳ ಬಾಗು ನೋಡಿ ಎಣಿಸಿದರು. ಆಮೇಲೆ ಹಿಡಿಕೆಯನ್ನು ತಾವೇ ಎಳೆದರು. ಗಾಡಿ ಬುಸುಗುಟ್ಟುತ್ತ ಹೊರಟು, ಅಂಗಳದ ಮಣ್ಣಿನಲ್ಲಿ ನುಣ್ಣನೆಯ ದಾರಿ ಬಿಡುತ್ತ ಬೇವಿನ ಮರದ ತನಕ ಹೋಯಿತು. ಹಿಂದೆಯೇ ಕೋಲೂರಿಕೊಂಡು ಅಪ್ಪ, ಅವರ ಮೊಣಕೈ ಹಿಡಿದುಕೊಂಡು ಅಕ್ಕ.

“ಇದು ನಂದೇ ಗಾಡಿ,” ಎಂದರು ಅಪ್ಪ. “ಸಪ್ಪಳನೂ ಅದೇ ಅದ.”

ಓಣಿಯವರೆಲ್ಲ ಬಂದು ನಿಂತಿದ್ದರು. ಅಕ್ಕ ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಹೋದ ವರ್ಷ ಅಕ್ಕ ತೀರಿಕೊಂಡರು. ಅಷ್ಟರೊಳಗೆ ಪ್ರತಿ ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೇಣ ತಿದ್ದುವುದರಿಂದ ಹಿಡಿದು ಹೊಗೆಯ ಬಣ್ಣ ನೋಡಿ ಹಿತ್ತಾಳೆಯ ಹದ ತಿಳಿಯುವ ತನಕ ಎಲ್ಲ ಕಲಿಸಿದ್ದರು. ಈಗ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಯಂತ್ರದ ಮಾದರಿಯೊಂದನ್ನು ಮಾಡುತ್ತಿದ್ದೇನೆ. ಅದರ ಹನ್ನೆರಡು ಹಲ್ಲುಗಾಲಿಗಳನ್ನೂ ನಾನೇ ಎರಕ ಹೊಯ್ದೆ. ಹನ್ನೆರಡೂ ಮೊದಲ ಸಲಕ್ಕೇ ಪೂರ್ತಿ ಬಂದಿವೆ.